ಸೊನ್ನೆ ಟಿಕೀಟಿನ ದ್ವೀಪ

ಏಳನೇ ಲೈನಿನಲ್ಲಿ ಆ ತಿಂಗಳೆಲ್ಲ ತೆಂಗಿನಮರದ ಅಂಗಿ.
ನೀಲಿ ಬಟ್ಟೆ, ಬಾಗಿದ ಮರ, ಗಿಳಿ, ಒಂದು ಹಾಯಿದೋಣಿ.
ನನ್ನದು ಜೇಬು.
ಅಂಗಿಯ ಅರ್ಧ ಮರಕ್ಕೆ ಜೇಬಿನ ಅರ್ಧ ಮರ
ಎಳೆ ತಪ್ಪದೆ ಕೂಡಬೇಕು.
ಕೂದಲಷ್ಟು ಜರುಗಿದರೂ ಮರ ಮುರಿದ ಲೆಕ್ಕ,
ಆಲ್ಟರ್ ಬುಟ್ಟಿಗೆ.
ಗಂಟೆಗೆ ಅರವತ್ತು ಮರ ನಿಲ್ಲಿಸುತ್ತಿದ್ದೆ
ಗೆಜ್ಜಲಗೆರೆಯ ತಗಡಿನ ಸೂರಿನಡಿ.

ಅಂಗಿಗೆ ಚೀಟಿ ಕಟ್ಟುವವಳು ಸುಧಾಮಣಿ,
ಪಿಯುಸಿ ಓದಿದವಳು. ಊಟದ ಹೊತ್ತಲ್ಲಿ ಬಿಡಿಸಿ ಹೇಳಿದಳು:
'ದ್ವೀಪಕ್ಕೆ ಹೋದ್ರೆ ಏನೇನ್ ಮಾಡ್ಬೇಕು ಅಂತ ಬರ್ದವ್ರೆ.'
ಕೆಂಪಾಜಮ್ಮ ಮುದ್ದೆ ಮುರಿಯುತ್ತಾ, 'ದ್ವೀಪ ಅಂದ್ರೆ?'
'ಸುತ್ತ ನೀರು, ಮಧ್ಯ ನಾವು.'
'ಹಂಗಾದ್ರೆ ಪಟ್ಣಾನೂ ದ್ವೀಪಾನೇ ಕಣೇ!
ನನ್ ತಂಗೀನ ಗಂಜಾಮಿಗೇ ಕೊಟ್ಟಿರೋದು.
ಇಪ್ಪತ್ತೊರ್ಸದಿಂದ ದ್ವೀಪದಲ್ಲವಳೆ,
ಪಾಪ, ಅವಳಿಗೇ ಗೊತ್ತಿಲ್ಲ.'

ಭಾನುವಾರ. ಕೆಂಪು ಬಸ್ಸು.
ಆಧಾರು ತೋರಿಸಿ ನಾಲ್ಕು ಸೊನ್ನೆ ಟಿಕೀಟು.
ಸೇತುವೆ ಬಂದಾಗ ಮುಬೀನಾ ಕಣ್ಣು ಮುಚ್ಚಿಕೊಂಡು,
'ಹಡಗು ಅಂದ್ಕೊಳ್ಳಿ' ಅಂದಳು.
ಹಡಗು ಗುಂಡಿಗೆ ಬಿದ್ದು ಎದ್ದಿತು.

ಸಂಗಮದ ಹತ್ತಿರ ಚೀಟಿ ತೆಗೆದೆವು.
ಎಳನೀರು ಕುಡಿಯುವುದು.
ಒಂದಕ್ಕೆ ಅರವತ್ತಂತೆ. ಮದ್ದೂರು ಮಾರ್ಕೆಟ್ಟು ಕಂಡ ನಮಗೆ!
ಚೌಕಾಸಿಯಲ್ಲೇ ಬಾಯಾರಿಕೆ ಇಮ್ಮಡಿಸಿ
ನೂರೆಂಬತ್ತಕ್ಕೆ ನಾಲ್ಕು ಕೆತ್ತಿಸಿದೆವು, ಗಂಜಿಯೂ ಬಿಡಲಿಲ್ಲ.

ಬಿಸಿಲಿಗೆ ಮೈಯೊಡ್ಡಿ ಮಲಗುವುದು.
'ಇದಕ್ಕೂ ದುಡ್ ಕೊಡ್ತಾರಾ?' ಕೆಂಪಾಜಮ್ಮ ನಕ್ಕೂ ನಕ್ಕೂ ಕೆಮ್ಮಿದಳು.
ಕಬ್ಬು ಕಡಿಯುವ ಕಾಲಕ್ಕೆ
ಅವಳ ಬೆನ್ನು ಈ ಕೆಲಸ ಬಿಟ್ಟಿ ಮುಗಿಸಿದೆ.

ನೀರಿಗಿಳಿದು ಮೀನು ನೋಡುವುದು.
ಮೆಟ್ಟಿಲಲ್ಲಿ ಕೂತು ಕಾಲು ಬಿಟ್ಟೆವು.
ಮೀನುಗಳೇ ಬಂದು ನಮ್ಮನ್ನು ನೋಡಿದವು,
ಪೆಡಲು ತುಳಿದು ಬಿರಿದ ಹಿಮ್ಮಡಿ ಕಚ್ಚಿದವು.
ಮುಬೀನಾ ಕಿರುಚಿದ್ದಕ್ಕೆ
ಅಸ್ಥಿ ಬಿಡಲು ಬಂದಿದ್ದವರು ತಿರುಗಿ ನೋಡಿದರು.
ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.
ಆ ಮಡಕೆಯಲ್ಲಿದ್ದವರೂ
ದ್ವೀಪ ನೋಡಲು ಬಂದವರೇ ತಾನೆ.

ತೆಪ್ಪದವನು ಹೊಳೆ ನಡುವೆ ಬುಗುರಿ ಆಡಿಸಿದ.
ದಡ ತಿರುಗಿತು, ಮಂಟಪ ತಿರುಗಿತು, ಒಂಟಿ ಕೊಕ್ಕರೆ
ಮೂರು ಸಲ ಬಂದು ಹೋಯಿತು.
ಸುಧಾಮಣಿ ಎಳನೀರನ್ನು ಕಾವೇರಿಗೇ ವಾಪಸು ಕೊಟ್ಟಳು.
ನಾನು ಮಾತ್ರ ಆಚೆ ದಡದ ಒಂದು ತೆಂಗನ್ನು ನೋಡುತ್ತಿದ್ದೆ.
ಅಂಗಿಯಲ್ಲಿದ್ದ ಹಾಗೆಯೇ ನೀರಿಗೆ ಬಾಗಿತ್ತು.
ಬುಡದಿಂದ ಸುಳಿಯವರೆಗೆ ಹುಡುಕಿದೆ,
ಎಲ್ಲೂ ಹೊಲಿಗೆಯಿಲ್ಲ.

ಕೊನೆಯ ಸಾಲು: ಏನೂ ಮಾಡದೆ ಇರುವುದು.
ಮರಳಲ್ಲಿ ಕೂತೆವು, ಆಯಿತು, ಶುರು.
ಎರಡು ನಿಮಿಷಕ್ಕೆ ಕೆಂಪಾಜಮ್ಮ ಕಡಲೆಕಾಯಿ ಸುಲಿಯತೊಡಗಿದಳು.
ಮುಬೀನಾ ನಾಳೆಯ ಟಾರ್ಗೆಟ್ಟು ಎಣಿಸುತ್ತಿದ್ದಳು, ತುಟಿ ಕಂಡಿತು.
ನಾನು ಗೆದ್ದೆ ಅಂದುಕೊಂಡೆ.
ಸುಧಾಮಣಿ ನನ್ನ ಕೈ ತೋರಿಸಿದಳು:
ಸೆರಗಿನ ಅಂಚನ್ನು ಕಾಲಂಗುಲಕ್ಕೆ ಮಡಿಸಿ, ಬೆರಳಲ್ಲಿ ಒತ್ತಿ
ಮುಂದಕ್ಕೆ, ಮುಂದಕ್ಕೆ ತಳ್ಳುತ್ತಿದ್ದೆ,
ಸೂಜಿ ಇಲ್ಲದ ಕಡೆಗೆ.

ಅವಳು ಆ ಕೈ ಹಿಡಿದು ಮರಳಲ್ಲಿ ಹೂತಳು, ಮಣಿಕಟ್ಟಿನವರೆಗೆ.
ಮೇಲೆ ಬಿಸಿ, ಒಳಗೆ ತಣ್ಣಗೆ.
ಬಸ್ಸಿನ ಹೊತ್ತು ಯಾರೂ ನೆನಪಿಸಲಿಲ್ಲ.

ಸೋಮವಾರ ಹನ್ನೊಂದಕ್ಕೆ ನನ್ನ ಮೆಷಿನ್ನು ಕರಕರ ಅಂದು ನಿಂತಿತು.
ಮೆಕ್ಯಾನಿಕ್ಕು ಬಂದು, ತಟ್ಟೆ ಬಿಚ್ಚಿ, ಬೆರಳಿಗಂಟಿದ್ದನ್ನು
ಟ್ಯೂಬ್‌ಲೈಟಿಗೆ ಹಿಡಿದ.
'ಮರಳು! ಎಲ್ಲಿಂದ ಬಂತ್ರೀ ಇದು?'
ಲೈನಿನಲ್ಲಿ ನಾಲ್ಕು ತಲೆ
ಇನ್ನಷ್ಟು ತಗ್ಗಿದವು.
ಕೆಂಪಾಜಮ್ಮನಿಗೆ ಮಾತ್ರ ಜೋರು ಕೆಮ್ಮು.